ಓಡದೆ ಕಾದಿರುವ ನಾಯಿಯೂ ಅರ್ಪಿತಾವಧಾನವೂ

ಇಂದ್ರಿಯಗಳ ಆಸೆಯನ್ನು ಬೇರುಸಹಿತ ಕಿತ್ತೊಗೆಯುವುದು ನಿಗ್ರಹವೋ, ಅಥವಾ ಆಸೆಯನ್ನು ಉಳಿಸಿಕೊಂಡೇ ಅದನ್ನು ತಕ್ಕ ಹೊತ್ತಿಗೆ ತಕ್ಕ ಕಡೆಗೆ ನಡೆಸುವುದು ನಿಗ್ರಹವೋ ಎಂಬ ಪ್ರಶ್ನೆ ಸಾಧಕರ ಮುಂದೆ ಮೊದಲಿನಿಂದಲೂ ಇದೆ. ಸಂಸಾರವನ್ನು ತೊರೆದವರು ಮೊದಲನೆಯದನ್ನು ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಮನೆ, ಮಕ್ಕಳು, ಕಾಯಕ, ದಾಸೋಹ ಇವುಗಳ ನಡುವೆಯೇ ನಿಂತು ಶಿವಪಥದಲ್ಲಿ ನಡೆಯಬೇಕಾದ ಗೃಹಸ್ಥನಿಗೆ ಎರಡನೆಯದೇ ಗತಿ. ಆದರೆ ಅದು ಹೇಗಿರುತ್ತದೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಸುಲಭವಲ್ಲ. ಅದಕ್ಕೊಂದು ದೃಷ್ಟಾಂತವು ನಾಯಿಯ ಶಿಕ್ಷಣದಲ್ಲಿ ದೊರೆಯುತ್ತದೆ. ನಾಯಿಯಿಂದ ಕಲಿಯುವುದೇನೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಧರ್ಮರಾಯನು ಸ್ವರ್ಗದ ಬಾಗಿಲಲ್ಲಿಯೂ ಕೈಬಿಡಲೊಪ್ಪದೆ ನಿಂತದ್ದು ಒಂದು ನಾಯಿಗಾಗಿಯೇ.

ಬೇಟೆನಾಯಿಗಳಲ್ಲಿ ಹಲವು ಬಗೆಗಳುಂಟು. 2005ರಲ್ಲಿ ಭಾರತದ ಅಂಚೆಚೀಟಿಯನ್ನೂ ಅಲಂಕರಿಸಿದ ನಮ್ಮ ಮುಧೋಳದ ನಾಯಿಯು ಕಣ್ಣಿನಿಂದ ಕಂಡು ಕಾಲಿನ ವೇಗದಿಂದ ಅಟ್ಟಿ ಹಿಡಿಯುವ ಜಾತಿ. ಹಕ್ಕಿಬೇಟೆಯ ನಾಯಿಯ ಕೆಲಸ ಬೇರೆ. ಬಿದ್ದ ಹಕ್ಕಿಯನ್ನು ಪೊದೆಯಿಂದಲೋ ನೀರಿನಿಂದಲೋ ಹುಡುಕಿ, ಗರಿ ಮುಕ್ಕಾಗದಂತೆ ಬಾಯಲ್ಲಿ ಹಿಡಿದು, ಒಡೆಯನ ಕೈಗೆ ತಂದೊಪ್ಪಿಸುವುದೇ ಅದರ ಕಾಯಕ. ಇಂಗ್ಲೆಂಡಿನ ಕೆನಲ್ ಕ್ಲಬ್ಬು 1903ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಿಸಿದ ಲ್ಯಾಬ್ರಡಾರ್ ಈ ವರ್ಗಕ್ಕೆ ಸೇರಿದ್ದು. ಇಂದು ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ಈ ಜಾತಿಯ ನಾಯಿಗಳು ಮನೆಯವರ ಸಂಗಡ ನಡೆದಾಡುವುದನ್ನು ಯಾರಾದರೂ ಕಾಣಬಹುದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಹಾಗೂ ಅದರ 1991ರ ತಿದ್ದುಪಡಿಯ ತರುವಾಯ ಕಾಡುಹಕ್ಕಿಯ ಬೇಟೆ ನಮ್ಮಲ್ಲಿ ಅಪರಾಧವಾಗಿದೆ. ಆದಕಾರಣ ಈಗಿನ ಶಿಕ್ಷಣವೆಲ್ಲ ಬಟ್ಟೆಯ ಸುರುಳಿಯಿಂದಲೋ ಚೆಂಡಿನಿಂದಲೋ ನಡೆಯುತ್ತದೆ. ಹಕ್ಕಿ ಹೋದರೂ ಪಾಠ ಉಳಿದಿದೆ.

ಪಾಠದ ಕ್ರಮವನ್ನು ನೋಡೋಣ. ನಾಯಿಯನ್ನು ಕುಳ್ಳಿರಿಸಿ ಶಿಕ್ಷಕನು ಸುರುಳಿಯನ್ನು ದೂರಕ್ಕೆ ಎಸೆಯುತ್ತಾನೆ. ಅದು ಗಾಳಿಯಲ್ಲಿ ಹಾರುವಾಗಲೇ ನಾಯಿಯ ಮೈಯೆಲ್ಲ ಮುಂದಕ್ಕೆ ಚಿಮ್ಮಲು ತವಕಿಸುತ್ತದೆ. ಹಾಗೆ ಚಿಮ್ಮದೆ, ಬಿದ್ದ ಸ್ಥಳದಿಂದ ಕಣ್ಣನ್ನು ಕೀಳದೆ, ತನ್ನ ಹೆಸರನ್ನು ಕರೆದು ಕಳುಹಿಸುವವರೆಗೆ ಅದು ಕುಳಿತಿರಬೇಕು. ಮೊದಮೊದಲು ಕೊರಳಿನ ಹಗ್ಗವೇ ಅದನ್ನು ತಡೆಯುತ್ತದೆ. ಬಳಿಕ ಹಗ್ಗವು ಸಡಿಲಗೊಳ್ಳುತ್ತದೆ. ಕೊನೆಗೆ ಹಗ್ಗವೇ ಇರುವುದಿಲ್ಲ. ಎಸೆದುದನ್ನೆಲ್ಲ ನಾಯಿಗೆ ಬಿಡುವುದೂ ಇಲ್ಲ. ಹಲವು ಬಾರಿ ಶಿಕ್ಷಕನು ತಾನೇ ನಡೆದುಹೋಗಿ ಸುರುಳಿಯನ್ನು ಎತ್ತಿಕೊಂಡು ಬರುತ್ತಾನೆ. ಕಂಡುದೆಲ್ಲ ತನ್ನದಲ್ಲ ಎಂಬ ತಿಳಿವು ನಾಯಿಗೆ ಬರುವುದು ಆಗಲೇ. ಇದಕ್ಕಿಂತಲೂ ಕಠಿಣವಾದ ಪರೀಕ್ಷೆಯೊಂದುಂಟು. ಎರಡು ನಾಯಿಗಳನ್ನು ಒಟ್ಟಿಗೆ ಕುಳ್ಳಿರಿಸಿ ಒಂದನ್ನು ಮಾತ್ರ ಕಳುಹಿಸುತ್ತಾರೆ. ಜೊತೆಯದು ಓಡಿ, ತಂದು, ಮೆಚ್ಚುಗೆ ಪಡೆಯುವುದನ್ನು ಮತ್ತೊಂದು ನಾಯಿ ಕದಲದೆ ಕುಳಿತು ನೋಡಬೇಕು. ಪರರ ಸಂಪತ್ತನ್ನು, ಪರರಿಗೆ ಸಂದ ಮನ್ನಣೆಯನ್ನು ಕಂಡಾಗ ನಮ್ಮ ಮನಸ್ಸು ಎಷ್ಟು ಹೊತ್ತು ಕದಲದೆ ಕುಳಿತೀತೆಂದು ವಾಚಕರು ತಮ್ಮನ್ನೇ ಕೇಳಿಕೊಳ್ಳಬಹುದು.

ಈ ಶಿಕ್ಷಣದಲ್ಲಿ ಕೆಡುವ ದಾರಿಗಳು ಎರಡು. ಮರಿಯ ಆಟ ಚೆಂದವೆಂದು ಎಸೆದಾಗಲೆಲ್ಲ ಓಡಲು ಬಿಟ್ಟರೆ, ಕೈ ಎತ್ತುವುದೇ ತಡ ಅದು ಹಾರಿಹೋಗುವ ಅಭ್ಯಾಸಕ್ಕೆ ಬೀಳುತ್ತದೆ. ಆತುರದಲ್ಲಿ ಓಡಿದ ನಾಯಿ ಬಿದ್ದ ಸ್ಥಳವನ್ನು ಸರಿಯಾಗಿ ಗುರುತಿಸದೆ ಪೊದೆಪೊದೆ ತಡಕಾಡುತ್ತದೆ. ಬೇಟೆಯ ಕಾಲದಲ್ಲಾದರೆ ಗುಂಡಿನ ದಾರಿಗೆ ಅಡ್ಡ ಹೋಗಿ ಪ್ರಾಣವನ್ನೇ ಕಳೆದುಕೊಳ್ಳಬಹುದಿತ್ತು. ಎರಡನೆಯ ದಾರಿ ಚಾವಟಿಯದು. ಓಡಿದ್ದಕ್ಕೆ ಹೊಡೆದು ಬಡಿದು ನಿಲ್ಲಿಸಿದ ನಾಯಿಯು ನಿಲ್ಲುತ್ತದೆ ನಿಜ. ಆದರೆ ಹಕ್ಕಿಯೆಂದರೆ ಪೆಟ್ಟು ಎಂಬ ನೆನಪು ಅದರಲ್ಲಿ ಬೇರೂರಿ, ಹಕ್ಕಿ ಕಣ್ಣೆದುರಿಗೆ ಬಿದ್ದಿದ್ದರೂ ಕಾಣದಂತೆ ನಟಿಸಿ ಮುಖ ತಿರುಗಿಸಿ ನಡೆದುಬಿಡುತ್ತದೆ. ಬಲ್ಲವರು ಇದನ್ನು ಓಡುವ ದೋಷಕ್ಕಿಂತ ದೊಡ್ಡ ದೋಷವೆಂದು ಎಣಿಸುತ್ತಾರೆ. ಓಡುವ ನಾಯಿಯನ್ನು ತಿದ್ದಬಹುದು. ಆಸೆಯೇ ಸತ್ತು ಕಪಟವನ್ನು ಕಲಿತ ನಾಯಿಯನ್ನು ತಿದ್ದುವುದು ಬಹು ಕಷ್ಟ. ಆದುದರಿಂದ ಒಳ್ಳೆಯ ಶಿಕ್ಷಕನು ನಾಯಿಯ ಉತ್ಸಾಹವನ್ನು ಒಂದಿಷ್ಟೂ ಕುಂದಿಸುವುದಿಲ್ಲ. ಅದಕ್ಕೆ ಕಾಯುವುದನ್ನು ಮಾತ್ರ ಕಲಿಸುತ್ತಾನೆ.

ಶರಣರ ಇಂದ್ರಿಯವಿಚಾರವು ಇದಕ್ಕೆ ಬಹು ಸಮೀಪದಲ್ಲಿದೆ. ಇಂದ್ರಿಯಗಳನ್ನು ಬಲಾತ್ಕಾರದಿಂದ ಅದುಮಿದ ಮಾತ್ರಕ್ಕೆ ದೋಷಗಳು ತಪ್ಪುವುದಿಲ್ಲ, ಬದಲಾಗಿ ಅವೇ ಬಂದು ಮುತ್ತುತ್ತವೆ ಎಂಬುದು ಬಸವಣ್ಣನವರ ಸ್ಪಷ್ಟವಾದ ಅಭಿಪ್ರಾಯ. ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ ಹೇಗೋ ಹಾಗೆ ಪ್ರಸಾದಿಗೆ ಅವಧಾನಭಕ್ತಿಯನ್ನು ಹೇಳಿದೆ. ಅವಧಾನವೆಂದರೆ ಇಂದ್ರಿಯಗಳು ಮಲಗಿರುವ ಸ್ಥಿತಿಯಲ್ಲ. ಅವು ಪೂರ್ಣವಾಗಿ ಎಚ್ಚೆತ್ತಿರುವ ಸ್ಥಿತಿ. ಕಣ್ಣು ಕಾಣುತ್ತದೆ, ನಾಲಗೆ ಬಯಸುತ್ತದೆ, ಕೈ ಚಾಚುತ್ತದೆ. ಆದರೆ ಅರ್ಪಿತವಾಗದೆ ಯಾವುದೂ ಭೋಗಕ್ಕೆ ಸಲ್ಲುವುದಿಲ್ಲ. ರೂಪನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಿ, ಮರಳಿ ಬಂದುದನ್ನು ಪ್ರಸಾದವೆಂದು ಕೊಳ್ಳುವುದೇ ಕ್ರಮ. ಪದಾರ್ಥಕ್ಕೂ ಪ್ರಸಾದಕ್ಕೂ ವಸ್ತುವಿನಲ್ಲಿ ಭೇದವಿಲ್ಲ. ಭೇದವಿರುವುದು ಆ ನಡುವಣ ಕ್ಷಣದಲ್ಲಿ. ಕಂಡುದಕ್ಕೂ ಕೊಂಡುದಕ್ಕೂ ನಡುವೆ ಒಂದು ಕ್ಷಣ ನಿಲ್ಲಬಲ್ಲವನು ಪ್ರಸಾದಿ; ನಿಲ್ಲಲಾರದವನು ಕೇವಲ ಭೋಗಿ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹಕ್ಕಿಯನ್ನು ತರುವ ನಾಯಿ ಅದನ್ನು ಬಾಯಲ್ಲಿಯೇ ತರುತ್ತದೆ. ತಿನ್ನುವ ಬಾಯಿಯೇ ಒಪ್ಪಿಸುವ ಬಾಯಿಯೂ ಆಗುತ್ತದೆ. ಬೇಡರ ಕಣ್ಣಪ್ಪನ ಕಥೆಯನ್ನು ಬಲ್ಲವರಿಗೆ ಇದರ ತಾತ್ಪರ್ಯ ಹೊಳೆಯದೆ ಇರದು. ಕಾಳಹಸ್ತಿಯ ಲಿಂಗಕ್ಕೆ ಆತನು ನೀರನ್ನು ಬಾಯಲ್ಲಿಯೇ ತಂದನು. ನೈವೇದ್ಯವನ್ನು ನಾಲಗೆಯಿಂದ ಪರೀಕ್ಷಿಸಿಯೇ ಇಟ್ಟನು. ಎಂಜಲೆಂದು ಅರ್ಚಕನು ಹೇಸಿದನು, ಶಿವನು ಹೇಸಲಿಲ್ಲ. ಏಕೆಂದರೆ ಆ ನಾಲಗೆ ತನ್ನ ಸುಖಕ್ಕಾಗಿ ಸವಿದಿರಲಿಲ್ಲ. ಇಂದ್ರಿಯವು ವಸ್ತುವನ್ನು ಮುಟ್ಟಿದುದರಿಂದ ಮೈಲಿಗೆಯಿಲ್ಲ. ನನಗಾಗಿ ಎಂಬ ಭಾವ ಮುಟ್ಟಿದರೆ ಮೈಲಿಗೆ.

ಶರಣರಿಗಿಂತ ಸುಮಾರು ಎರಡು ಶತಮಾನಗಳ ಹಿಂದೆಯೇ ಕನ್ನಡನಾಡು ಒಂದು ಬೇಟೆನಾಯಿಗೆ ಕಲ್ಲು ನೆಟ್ಟಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 950ರ ಸುಮಾರಿನ ಶಾಸನವದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು, ಬೇಕಾದುದನ್ನು ಬೇಡೆಂದ ಒಡೆಯನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಆ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ತಗಲುವುದೆಂದು ಶಾಸನವು ವಿಧಿಸುತ್ತದೆ. ಇಲ್ಲಿ ಎರಡು ವಿಷಯಗಳಿವೆ. ಮೆಚ್ಚಿ ಕಲ್ಲು ನೆಟ್ಟವರೂ ನಾಯಿಯ ಕೊಲೆಯನ್ನು ಪಾಪವಲ್ಲವೆನ್ನಲಿಲ್ಲ. ಹಾಗೆಯೇ ಪೂಜಿಸದೆ ಉಣ್ಣುವುದನ್ನು ಆ ಪಾಪಕ್ಕೆ ಸಮನೆಂದು ಎಣಿಸಿದರು. ಉಣ್ಣುವ ಮೊದಲು ನಿಲ್ಲಬೇಕೆಂಬ ವಿವೇಕ ಈ ನೆಲದಲ್ಲಿ ಬಹಳ ಹಳೆಯದು.

ಇಲ್ಲೊಂದು ಆಕ್ಷೇಪ ಏಳುತ್ತದೆ. ನಾಯಿಯು ಎಷ್ಟೇ ಸ್ಥಿರವಾಗಿದ್ದರೂ ಅದರ ಸ್ಥೈರ್ಯ ಕೊಲ್ಲುವವನ ಸೇವೆಗಲ್ಲವೆ? ಹಕ್ಕಿಯ ಕಡೆಯಿಂದ ನೋಡಿದರೆ ಆತುರದ ನಾಯಿಗೂ ಶಿಸ್ತಿನ ನಾಯಿಗೂ ಏನು ವ್ಯತ್ಯಾಸ? ಆಕ್ಷೇಪವು ಯುಕ್ತವಾಗಿದೆ. ಸ್ಥೈರ್ಯವು ತಾನೇ ಧರ್ಮವಲ್ಲ. ಮನಸ್ಸನ್ನು ಬಿಗಿಹಿಡಿದು, ಸಮಯ ಕಾದು, ಪರರನ್ನು ವಂಚಿಸುವವರೂ ಲೋಕದಲ್ಲಿದ್ದಾರೆ, ಅವರಿಗೂ ಇಂದ್ರಿಯಜಯವುಂಟು. ಆದಕಾರಣವೇ ಶರಣರು ದಯೆಯನ್ನು ಧರ್ಮದ ಬುಡದಲ್ಲಿಟ್ಟರು, ನಿಗ್ರಹವನ್ನು ಅದರ ಮೇಲೆ ಕಟ್ಟಿದರು. ಯಾರ ಕೈಗೆ ಒಪ್ಪಿಸುತ್ತೇವೆಂಬುದರ ಮೇಲೆ ಒಪ್ಪಿಸುವಿಕೆಯ ಬೆಲೆ ನಿಂತಿದೆ.

ಕಾಲಗತಿಯಿಂದ ಈ ವಿದ್ಯೆಗೆ ಈಗ ದಯೆಯ ಫಲವೂ ಬಂದಿದೆ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇವುಗಳ ಅಂಚಿನಲ್ಲಿ ನೀರುಕೋಳಿ, ಬಾತುಗಳು ಬಾಳುತ್ತಿವೆ. ಕೆರೆಯ ಬದಿಯಲ್ಲಿ ಹೋಗುವ ನಾಯಿ ಹಕ್ಕಿಯನ್ನು ಕಂಡೂ ಚಿಮ್ಮದೆ ನಿಂತರೆ ಒಂದು ಗೂಡು ಉಳಿಯುತ್ತದೆ. ಹಕ್ಕಿಯನ್ನು ಕೊಲ್ಲುವುದಕ್ಕಾಗಿ ಹುಟ್ಟಿದ ಶಿಸ್ತೇ ಹಕ್ಕಿಯನ್ನು ಕಾಯುತ್ತದೆ. ಅಲ್ಲಿಗೆ ದೂರವಲ್ಲದ ಆಡುಗೋಡಿಯಲ್ಲಿ ನಗರದ ಪೊಲೀಸ್ ಶ್ವಾನದಳವಿದೆ. ಇಂಥ ದಳಗಳಲ್ಲಿ ಸಿಡಿಮದ್ದನ್ನು ಮೂಸಿ ಕಂಡುಹಿಡಿಯುವ ನಾಯಿ ಅದಕ್ಕೆ ಬಾಯಿ ಹಾಕದೆ ಸುಮ್ಮನೆ ಕುಳಿತು ಸೂಚನೆ ಕೊಡಬೇಕು. ಅಲ್ಲಿ ಒಂದು ಕ್ಷಣದ ಆತುರವು ಹಲವು ಪ್ರಾಣಗಳಿಗೆ ಸಂಚಕಾರ.

ಇದರಿಂದ ಗೃಹಸ್ಥರು ತೆಗೆದುಕೊಳ್ಳಬಹುದಾದ ನೀತಿ ಯಾವುದು? ಮಕ್ಕಳನ್ನು ಬೆಳೆಸುವಲ್ಲಿ ಬೇಡಿದುದನ್ನೆಲ್ಲ ಕೂಡಲೇ ಕೈಗಿಡುವುದೂ ಹೊಡೆದು ಹೆದರಿಸುವುದೂ ಎರಡೂ ಕೆಡಿಸುವ ದಾರಿಗಳೇ. ಮೊದಲನೆಯದರಿಂದ ಮಗು ಕಾಯಲಾರದು. ಎರಡನೆಯದರಿಂದ ಮನೆಯವರೆದುರು ಕಾಣದಂತೆ ನಟಿಸಿ ಮರೆಯಲ್ಲಿ ಬಯಸುವುದನ್ನು ಕಲಿಯುತ್ತದೆ. ಊಟದ ತಟ್ಟೆಯ ಮುಂದೆ, ಕೋಪದ ಮಾತು ತುಟಿಗೆ ಬಂದಾಗ, ಅಂಗೈಯಲ್ಲಿನ ಮೊಬೈಲು ಮಿನುಗಿ ಕರೆದಾಗ, ಅನ್ಯರ ಹಣ ಕೈಗೆಟುಕುವಷ್ಟು ಹತ್ತಿರ ಬಂದಾಗ ಹಿರಿಯರು ತಾವೇ ಒಂದು ಕ್ಷಣ ನಿಂತು ತೋರಿಸಲಿ. ಮಕ್ಕಳು ನೋಡಿ ಕಲಿಯುತ್ತಾರೆ. ನಾಯಿಯನ್ನು ನಿಲ್ಲಿಸಲು ಬೇರೊಬ್ಬ ಒಡೆಯ ಬೇಕು. ಮನುಷ್ಯನಿಗೆ ಅರಿವೇ ಗುರುವಾಗಿ ಒಳಗಿದೆ, ಅರಿವಿನ ಕುರುಹು ಇಷ್ಟಲಿಂಗವಾಗಿ ಕರಸ್ಥಲದಲ್ಲಿದೆ. ಆಸೆಯನ್ನು ಕೊಲ್ಲದೆ, ಆಸೆಯಿಂದ ಕೊಲ್ಲಿಸಿಕೊಳ್ಳದೆ, ಕಂಡುದನ್ನು ಆತನ ಕೈಗಿತ್ತು ಆತನು ಕೊಟ್ಟುದನ್ನು ಕೊಳ್ಳುವವನ ಮನೆಯಲ್ಲಿ ಅನ್ನವೆಲ್ಲ ಪ್ರಸಾದವಾಗುತ್ತದೆ.