ಬಕಾಸುರ ಸತ್ತದ್ದು ಎಲ್ಲಿ?

ಮೇಲೂರು, ಶಿಡ್ಲಘಟ್ಟ, ಚಿಂತಾಮಣಿಯ ಕಡೆಯಿಂದ ಕನ್ನಡ ಓದಲು ಕಾಲೇಜಿಗೆ ಬರುವ ಮಕ್ಕಳಿಗೆ ಅಲಂಕಾರಶಾಸ್ತ್ರ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸಂಗತಿ. ಮಹಾಭಾರತ ಮಾತ್ರ ಮನೆಯ ಹತ್ತಿರದ್ದು. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬುದು ಅವರು ಚಿಕ್ಕಂದಿನಿಂದ ಕೇಳಿದ ಮಾತು. ಆಮೇಲೆ ಎಲ್ಲೋ ಓದುವಾಗ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲೂ ಒಂದು ಏಕಚಕ್ರ ಇದೆ, ಬಿಹಾರದ ಆರಾ ಪಟ್ಟಣವೂ ಅದೇ ಕಥೆ ತನ್ನದೆನ್ನುತ್ತದೆ ಎಂದು ತಿಳಿಯುತ್ತದೆ. ಒಬ್ಬ ರಾಕ್ಷಸ ಮೂರು ಕಡೆ ಸಾಯಲಾರ. ಹಾಗಾದರೆ ಊರಿನ ಹಿರಿಯರು ಹೇಳಿದ್ದು ಸುಳ್ಳೇ? ಅಲ್ಲ ಎಂಬುದು ನನ್ನ ವಾದ, ಅದಕ್ಕೆ ಆಧಾರ ಬಾಯಿಪಾಠ ಮಾಡಿದ ಆ ಅಲಂಕಾರಗಳಲ್ಲೇ ಸಿಗುತ್ತದೆ.

ಮುಖವೇ ಕಮಲ ಎಂದರೆ ರೂಪಕ. ಎರಡೂ ಬೇರೆ ಎಂಬುದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಗೊತ್ತಿದ್ದೇ ಅಭೇದ ಹೇಳುತ್ತಾರೆ. ದುಂಬಿ ಆ ಮುಖವನ್ನು ಕಮಲವೆಂದೇ ಬಗೆದು ಮೇಲೆರಗಿದರೆ ಅದು ಭ್ರಾಂತಿಮದಲಂಕಾರ. ಸ್ಥಳಪುರಾಣವನ್ನು ಹಳಿಯುವವರು ಭಕ್ತರನ್ನು ಈ ದುಂಬಿಯ ಸಾಲಿಗೆ ಸೇರಿಸುತ್ತಾರೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಬನ್ನಿ. ವಿದುರ ನೆಟ್ಟದ್ದೆಂದು ಜನ ನಂಬಿದ ಅಶ್ವತ್ಥ, ಹರಕೆ ಹೊತ್ತವರು ನಿಲ್ಲಿಸಿದ ಸಾವಿರಾರು ನಾಗರಕಲ್ಲು. 1938ರ ಏಪ್ರಿಲ್ 25ರಂದು ಅಲ್ಲೇ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಊರಿಗೆ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಬಂತು. 1919ರ ಅಮೃತಸರ ಉತ್ತರ ಪಿನಾಕಿನಿಯ ದಡಕ್ಕೆ ಬಂದಿತ್ತೆಂದು ಯಾರೂ ನಂಬಿಲ್ಲ, ಆ ಹೆಸರನ್ನು ಸುಳ್ಳೆಂದು ಯಾರೂ ಜರೆದೂ ಇಲ್ಲ. ಇಲ್ಲಿ ಸತ್ತವರನ್ನೂ ಅಲ್ಲಿ ಸತ್ತವರ ಸಮಕ್ಕೆ ನೆನೆಯಿರಿ ಎಂಬ ಒತ್ತಾಯ ಅದರಲ್ಲಿದೆ. ಓದಿದವರು ಮಾಡಿದರೆ ರೂಪಕ, ನಾಗರಕಲ್ಲಿಗೆ ಹಾಲೆರೆಯುವವಳು ಮಾಡಿದರೆ ಭ್ರಾಂತಿ ಎಂಬ ಪಂಕ್ತಿಭೇದ ನನಗೆ ಒಪ್ಪಿಗೆಯಿಲ್ಲ.

ಆದರೆ ಅವಳು ನಿಜವಾಗಿಯೇ ನಂಬುತ್ತಾಳಲ್ಲ, ಅವಳ ನಂಬಿಕೆಗೆ ರೂಪಕವೆಂದು ಚೀಟಿ ಅಂಟಿಸುವುದು ಪಂಡಿತರ ದೊಡ್ಡಸ್ತಿಕೆಯಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ಗಟ್ಟಿಯಾದದ್ದೇ. ನಂಬುತ್ತಾಳೆ, ನಿಜ, ಯಾವುದನ್ನು ನಂಬುತ್ತಾಳೆ ಎಂಬುದನ್ನು ಅವಳ ನಡೆಯಲ್ಲಿ ನೋಡಬೇಕು. ವಿದುರಾಶ್ವತ್ಥದ ಆ ಹಳೆಯ ಮರ 2001ರಲ್ಲಿ ಬಿದ್ದುಹೋಯಿತು. ನಂಬಿಕೆ ಆ ಮರದ ವಯಸ್ಸಿನ ಮೇಲೆ ನಿಂತಿದ್ದರೆ ಅಂದೇ ಮುಗಿಯಬೇಕಿತ್ತು, ಹರಕೆ ನಿಲ್ಲಲಿಲ್ಲ. ಕೈವಾರದ್ದು ಇನ್ನೂ ಸ್ವಾರಸ್ಯದ ಸಾಕ್ಷಿ. ಆದಿಪರ್ವದ ಪ್ರಕಾರ ಬಕನಿಗೆ ಸರದಿಯಂತೆ ಒಂದು ಗಾಡಿ ಅನ್ನ, ಎರಡು ಕೋಣ, ಅದನ್ನು ಒಯ್ಯುವ ಒಬ್ಬ ಮನುಷ್ಯ ಹೋಗಬೇಕು. ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ಗಂಡ, ಹೆಂಡತಿ, ಮಗಳು ನಾನು ಸಾಯುತ್ತೇನೆ ನಾನು ಸಾಯುತ್ತೇನೆ ಎಂದು ವಾದಿಸುತ್ತಾರೆ. ಮಾತು ಇನ್ನೂ ತೊದಲುವ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. (ಇಡೀ ಪರ್ವದಲ್ಲಿ ಇದಕ್ಕಿಂತ ಸೊಗಸಾದ ಜಾಗ ಕಡಿಮೆ.) ಭೀಮ ಹೋಗಿ ಕೊಂದು, ಹೆಣವನ್ನು ಊರಬಾಗಿಲಿಗೆ ಎಳೆದು ಹಾಕಿ ಬರುತ್ತಾನೆ. ಅವನಿಗೆ ಅಳುಕಿಲ್ಲ. ಕೈವಾರದ ಪ್ರತೀತಿ ಅಲ್ಲಿಗೆ ನಿಲ್ಲುವುದಿಲ್ಲ: ಕೊಂದ ಪಾಪ ಕಳೆಯಲು ಭೀಮ ಲಿಂಗ ಪ್ರತಿಷ್ಠೆ ಮಾಡಿದ, ಅದೇ ಭೀಮಲಿಂಗೇಶ್ವರ. ನರಭಕ್ಷಕನನ್ನು ಕೊಂದರೂ ಕೊಲೆಯ ಕಲೆ ಉಳಿಯುತ್ತದೆಯೇ ಎಂದು ವ್ಯಾಸರು ಕೇಳದ ಪ್ರಶ್ನೆಯನ್ನು ಈ ಊರು ಕೇಳಿತು. ನಡೆದದ್ದನ್ನು ವರದಿ ಮಾಡುವವರು ಹೀಗೆ ಮಾಡುವುದಿಲ್ಲ. ವ್ಯಾಖ್ಯಾನ ಬರೆಯುವವರು ಮಾಡುತ್ತಾರೆ. ಬೀರಭೂಮಿನದು ನಕಲಿ, ನಮ್ಮದೇ ಅಸಲಿ ಎಂದು ಯಾರಾದರೂ ಸರ್ವೆ ನಂಬರು ಹಿಡಿದು ಹೊರಟರೆ ಅವರನ್ನು ದುಂಬಿ ಎನ್ನಲು ನನ್ನ ಅಡ್ಡಿಯಿಲ್ಲ.

ಉಳಿದದ್ದು ಇನ್ನೊಂದು ಆಕ್ಷೇಪ: ಅಭೇದ ಹೇಳುವುದು ಇಷ್ಟು ಸುಲಭವಾದರೆ ಅಧಿಕಾರದಲ್ಲಿದ್ದವರು ಅದನ್ನು ಬಳಸಿಕೊಳ್ಳುವುದಿಲ್ಲವೇ? ಬಳಸಿಕೊಂಡಿದ್ದಾರೆ, ನಮ್ಮ ಆದಿಕವಿಯ ಕೈಯಲ್ಲೇ. 941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿದ. ಆಶ್ರಯದಾತನ ಮರ್ಯಾದೆಗಾಗಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾಗಬೇಕಾಯಿತು. ಐವರ ಮಡದಿಯ ಕಥೆಯಲ್ಲಿದ್ದ ಧರ್ಮಸಂಕಟವೇ ಅಲ್ಲಿಗೆ ಬಿಟ್ಟುಹೋಯಿತು. ರನ್ನನೂ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ. ಅರಮನೆಯ ಅಭೇದ ಕಥೆಯನ್ನು ದೊರೆಯ ಅಳತೆಗೆ ಕತ್ತರಿಸುತ್ತದೆ. ಕೈವಾರದ್ದು ಗೆದ್ದ ಭೀಮನನ್ನೇ ಲಿಂಗದ ಮುಂದೆ ಬಾಗಿಸುತ್ತದೆ. ಎರಡನ್ನೂ ರೂಪಕವೆಂದು ಕರೆದ ಮಾತ್ರಕ್ಕೆ ಎರಡೂ ಒಂದೇ ತೂಕದವಾಗುವುದಿಲ್ಲ. ಅರಮನೆಯಲ್ಲೂ ರೂಪಕ ಹಣ ಕೊಟ್ಟವನ ಕೈಯಲ್ಲಿ ಪೂರ್ತಿ ನಿಲ್ಲಲಿಲ್ಲ ಎನ್ನುವುದನ್ನು ಮರೆಯುವಂತಿಲ್ಲ: ಅರಿಕೇಸರಿಯನ್ನು ಅರ್ಜುನನಾಗಿಸಿದ ಅದೇ ಪಂಪ ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಹೇಳಿಹೋದ.