ಯಾರ ಕೊರಳಿಗೆ ಈ ಹಾಡು?



ಆಗಮನ ಕಾಲ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಈ ಬಾರಿ ಕ್ರಿಸ್ತಜಯಂತಿಗೆ ಹೊಸ ಹಾಡು ಯಾವುದು? ಪಕ್ಕದ ಧರ್ಮಕೇಂದ್ರದವರು ಕಳೆದ ವರ್ಷ ನಾಲ್ಕು ಧ್ವನಿಗಳಲ್ಲಿ ಹಾಡಿದರಂತೆ, ನಾವೇನು ಕಡಿಮೆ? ಯಾರೋ ಒಂದು ಸ್ವರಲಿಪಿಯ ಹಾಳೆ ತರುತ್ತಾರೆ, ಇನ್ಯಾರೋ ಮೊಬೈಲಿಗೆ ಕಳುಹಿಸುತ್ತಾರೆ. ಇಪ್ಪತ್ತು ಜೆರಾಕ್ಸ್ ಪ್ರತಿಗಳು ಬರುತ್ತವೆ. ಅಭ್ಯಾಸ ಆರಂಭವಾಗುತ್ತದೆ.

ಆ ಹಾಳೆಯನ್ನು ಆರಿಸಿದ ಗಳಿಗೆಯಲ್ಲೇ ಯಾರು ಹಾಡುತ್ತಾರೆ, ಯಾರು ಸುಮ್ಮನಾಗುತ್ತಾರೆ ಎಂಬುದೂ ತೀರ್ಮಾನವಾಗಿಬಿಟ್ಟಿತೆಂದು ನಮಗೆ ಹೊಳೆಯುವುದಿಲ್ಲ. ಮೂವತ್ತು ವರ್ಷ ಕಿವಿಯಿಂದಲೇ ಕಲಿತು ಹಾಡಿಕೊಂಡು ಬಂದ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ಹೊಸ ಹಾಡಿನ ಮೇಲಿನ ಸ್ವರ ಆಕೆಗೆ ಎಟಕುವುದಿಲ್ಲ. ಮೊದಲ ವಾರ ಬಾಯಿ ಆಡಿಸುತ್ತಾಳೆ. ಎರಡನೆಯ ವಾರ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಮೂರನೆಯ ವಾರ, "ಮನೆಯಲ್ಲಿ ಕೆಲಸ ಇತ್ತು." ಯಾರೂ ಆಕೆಯನ್ನು ಹೊರಗೆ ಕಳುಹಿಸಲಿಲ್ಲ. ಹಾಳೆಯೇ ಕಳುಹಿಸಿತು.

ಹಾಡಿನ ಆಯ್ಕೆ ಸಂಗೀತ ಬಲ್ಲವರ ರುಚಿಗೆ ಬಿಟ್ಟ ವಿಷಯ ಎಂದು ನಾವು ತಿಳಿದಿದ್ದೇವೆ. ಅದು ನೆರೆಯವರ ಮೇಲಿನ ಪ್ರೀತಿಗೂ ಸೇರಿದ ವಿಷಯ. ಆದ್ದರಿಂದಲೇ ಈ ಪುಟದಲ್ಲಿ ಅದರ ಬಗ್ಗೆ ಆಲೋಚಿಸೋಣ ಎನ್ನಿಸಿತು.

ಪವಿತ್ರ ಗ್ರಂಥದಲ್ಲಿ ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕ, ೨೫ನೆಯ ಅಧ್ಯಾಯವನ್ನು ತೆರೆದು ನೋಡಿ. ದೇವಾಲಯದ ಸೇವೆಗಾಗಿ ದಾವೀದನು ಗಾಯಕರನ್ನು ನೇಮಿಸುವ ಪ್ರಸಂಗ ಅಲ್ಲಿದೆ. ಹೆಸರುಗಳ ಉದ್ದನೆಯ ಪಟ್ಟಿ ಎಂದು ನಾವು ಸಾಮಾನ್ಯವಾಗಿ ದಾಟಿಹೋಗುವ ಭಾಗ ಅದು. ತರಬೇತಿ ಪಡೆದ ಗಾಯಕರು ಒಟ್ಟು ೨೮೮ ಮಂದಿ. ಅವರ ಸರದಿಯನ್ನು ಚೀಟಿ ಹಾಕಿ ಗೊತ್ತುಮಾಡಿದರು. ಚೀಟಿ ಹಾಕುವಾಗ ಚಿಕ್ಕವರು ದೊಡ್ಡವರು, ಗುರು ಶಿಷ್ಯ ಎಂಬ ಭೇದ ಮಾಡಲಿಲ್ಲ ಎಂದು ಗ್ರಂಥಕರ್ತ ನೆನಪಿಟ್ಟು ಬರೆದಿದ್ದಾನೆ. ಅದೇ ಪುಸ್ತಕದ ೧೫ನೆಯ ಅಧ್ಯಾಯದಲ್ಲಿ ಕೆನನ್ಯ ಎಂಬಾತ ಹಾಡುಗಾರಿಕೆಯ ಮೇಲ್ವಿಚಾರಕ. ಕಾರಣ, ಅವನು ಅದರಲ್ಲಿ ನಿಪುಣ. ಹಾಗಾದರೆ ನಿಪುಣತೆ ಬೇಕು. ಹೇಗೆ ಹಾಡಿದರೂ ದೇವರಿಗೆ ಸಾಕು ಎಂಬ ಸೋಮಾರಿತನಕ್ಕೆ ಅಲ್ಲಿ ಜಾಗವಿಲ್ಲ. ಆದರೆ ನಿಪುಣನು ಇರುವುದು ಶಿಷ್ಯನಿಗೂ ಸರದಿ ಬರಲಿ ಎಂದು.

ನಮ್ಮ ಧರ್ಮಸಭೆಯೂ ಇದನ್ನೇ ಬೋಧಿಸಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರ್ ೪ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು ಸಂಗೀತ ರಚನಕಾರರಿಗೆ ಒಂದು ಮಾತು ಹೇಳುತ್ತದೆ: ದೊಡ್ಡ ಗಾನವೃಂದಗಳಿಗೆ ಮಾತ್ರ ಬರೆಯಬೇಡಿ, ಚಿಕ್ಕ ವೃಂದಗಳಿಗೂ ಒಪ್ಪುವಂಥದನ್ನು, ನೆರೆದ ಭಕ್ತಜನರೆಲ್ಲ ಪಾಲುಗೊಳ್ಳುವಂಥದನ್ನು ಬರೆಯಿರಿ. ೧೯೬೭ರ ಮಾರ್ಚ್ ೫ರಂದು ಬಂದ ಪವಿತ್ರ ಸಂಗೀತದ ಆದೇಶವು ಇನ್ನೂ ಮುಂದೆ ಹೋಗಿ, ಜನರನ್ನು ಪೂರ್ತಿ ಬದಿಗಿಟ್ಟು ಎಲ್ಲವನ್ನೂ ಗಾನವೃಂದವೇ ಹಾಡುವ ರೂಢಿ ಸಲ್ಲದು ಎಂದಿತು. ಚಿಕ್ಕ ವೃಂದ ಕಟ್ಟಲೂ ಆಗದ ಕಡೆ ಸರಿಯಾಗಿ ಕಲಿತ ಒಬ್ಬಿಬ್ಬರು ಗಾಯಕರಾದರೂ ಇರಲಿ, ಅವರು ಸರಳ ಹಾಡುಗಳಿಂದ ಜನರನ್ನು ನಡೆಸಲಿ ಎಂದೂ ಅದರಲ್ಲಿದೆ. ಹಳ್ಳಿಯ ಉಪಕೇಂದ್ರದಲ್ಲಿ ಒಂದು ಹಾರ್ಮೋನಿಯಂ ಇಟ್ಟುಕೊಂಡು ಒಂಟಿಯಾಗಿ ಹಾಡು ನಡೆಸುವ ಉಪದೇಶಿಗಳು ಈ ಸಾಲನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬಹುದು.

ಹಾಗಾದರೆ ಹಾಳೆ ಕೈಗೆ ಬಂದಾಗ ಮೊದಲು ಏನನ್ನು ನೋಡಬೇಕು? ರಾಗವನ್ನಲ್ಲ, ಮಾತನ್ನು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ೧೪ನೆಯ ಅಧ್ಯಾಯದಲ್ಲಿ, ಆತ್ಮದಿಂದಲೂ ಹಾಡುತ್ತೇನೆ, ಬುದ್ಧಿಯಿಂದಲೂ ಹಾಡುತ್ತೇನೆ ಎಂಬ ಅರ್ಥದ ಮಾತು ಬರುತ್ತದೆ. ಕೊಳಲು, ತುತೂರಿಗಳು ಸ್ಪಷ್ಟ ಸ್ವರ ಕೊಡದಿದ್ದರೆ ಕೇಳುವವನಿಗೆ ಏನು ತಿಳಿದೀತು ಎಂದೂ ಅವರು ಅಲ್ಲೇ ಕೇಳುತ್ತಾರೆ. ಸಂತ ಅಗಸ್ಟೀನರು ತಮ್ಮ "ಕನ್ಫೆಷನ್ಸ್" ಗ್ರಂಥದ ಹತ್ತನೆಯ ಭಾಗದಲ್ಲಿ ಇದೇ ವಿಷಯದಲ್ಲಿ ಒದ್ದಾಡಿದ್ದಾರೆ. ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತಮ್ಮನ್ನು ಹೆಚ್ಚು ಸೆಳೆದಾಗ ಅದನ್ನು ಪಾಪವೆಂದೇ ಎಣಿಸಿದರು. ಆದರೂ ದುರ್ಬಲ ಮನಸ್ಸುಗಳು ಹಾಡಿನಿಂದ ಭಕ್ತಿಗೇರುತ್ತವೆ ಎಂದು ಸಂಗೀತವನ್ನು ಉಳಿಸಿಕೊಳ್ಳುವ ಕಡೆಗೇ ವಾಲಿದರು. ಸಿನಿಮಾ ಧಾಟಿಗೆ ಭಕ್ತಿಯ ಮಾತು ಹೊಲಿಯುವ ನಮ್ಮ ಅಭ್ಯಾಸವನ್ನು ಅವರು ಕೇಳಿದ್ದರೆ ಏನೆನ್ನುತ್ತಿದ್ದರೋ! ಜನರ ಕಣ್ಣಮುಂದೆ ನಾಯಕ ನಾಯಕಿಯರೇ ಕುಣಿಯುವಾಗ ಪರಮಪ್ರಸಾದದ ಮೇಲೆ ಮನಸ್ಸು ನಿಲ್ಲುವುದು ಕಷ್ಟ.

ಕನ್ನಡದಲ್ಲಿ ಹಾಡುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹೊರನಾಡಿನ ಧಾಟಿಗೆ ಕನ್ನಡದ ಮಾತು ಕೂಡಿಸಿದಾಗ ಹ್ರಸ್ವ ದೀರ್ಘಗಳ ಗತಿ ಏನಾಯಿತೆಂದು ನೋಡಿ. ನಮ್ಮ ಭಾಷೆಯಲ್ಲಿ ಒಂದು ಸ್ವರ ಎಳೆದರೆ ಅರ್ಥವೇ ಬೇರೆ. ಧಾಟಿಯ ಉದ್ದನೆಯ ಸ್ವರ "ಮನ" ಎಂಬುದರ ಮೊದಲ ಅಕ್ಷರದ ಮೇಲೆ ಬಿದ್ದರೆ ಅದು "ಮಾನ" ಆಗುತ್ತದೆ. ದೇವರಿಗೆ ಮನವನ್ನು ಅರ್ಪಿಸಲು ಹೋದವರು ಮಾನವನ್ನೇ ಅರ್ಪಿಸಿ ಬರುತ್ತಾರೆ. ನಗೆಯ ಮಾತಲ್ಲ, ಭಾನುವಾರ ಕಿವಿಗೊಟ್ಟು ಕೇಳಿ. ಹಾಳೆಯನ್ನು ಹಂಚುವ ಮೊದಲು ಸಾಹಿತ್ಯವನ್ನು ಗದ್ಯದಂತೆ ಒಮ್ಮೆ ಗಟ್ಟಿಯಾಗಿ ಓದಿ, ಬಳಿಕ ಧಾಟಿಯ ಲಯಕ್ಕೆ ಓದಿ. ಎರಡೂ ಒಂದನ್ನೊಂದು ಒದೆಯುತ್ತಿದ್ದರೆ ಮಾತನ್ನು ಬಲ್ಲವರಿಂದ ತಿದ್ದಿಸಿ, ಇಲ್ಲವೇ ಬೇರೆ ಹಾಡು ಹುಡುಕಿ. ಇಂಥ ಕಡೆ ನಮ್ಮ ಭಜನೆಯ ಧಾಟಿಗಳೇ ಕೈಹಿಡಿಯುತ್ತವೆ. ಆಯಾ ನಾಡಿನ ಜನರ ಸಂಗೀತ ಪರಂಪರೆಗೆ ತಕ್ಕ ಮರ್ಯಾದೆ ಕೊಡಿರೆಂದು ೧೯೬೩ರ ಆ ಸಂವಿಧಾನವೇ ಹೇಳಿದೆಯಲ್ಲ.

ಇನ್ನು ಕೊರಳಿನ ವಿಷಯ. ಸಾಮಾನ್ಯ ಜನರೆಲ್ಲ ಹಾಡಬೇಕಾದ ಹಾಡು ಹಾರ್ಮೋನಿಯಂನ ಮಧ್ಯದ ಸಿ ಸ್ವರದಿಂದ ಅದರ ಮೇಲಿನ ಸಪ್ತಕದ ಡಿ ವರೆಗೆ, ಅಂದರೆ ಒಂಬತ್ತು ಸ್ವರಗಳ ಒಳಗೆ ಸುತ್ತಾಡಿದರೆ ಕ್ಷೇಮ. ಒಮ್ಮೆ ಆ ಮೇಲಿನ ಸ್ವರ ಮುಟ್ಟಿ ಬಂದರೆ ಅಡ್ಡಿಯಿಲ್ಲ, ಅಲ್ಲೇ ಮನೆ ಮಾಡಿದರೆ ಕಷ್ಟ. ಬೆಳಗಿನ ಆರೂವರೆಯ ಪೂಜೆಗಂತೂ ಇನ್ನೂ ಒಂದು ಸ್ವರ ಕೆಳಗಿಳಿಸಿ. ಕಾಫಿ ಕುಡಿಯದೆ ಬಂದ ಗಂಟಲುಗಳು ಅವು. ಇಂದಿನ ಕೀಬೋರ್ಡುಗಳಲ್ಲಿ ಶ್ರುತಿ ಇಳಿಸುವ ಗುಂಡಿ ಇದೆ, ನಾಚಿಕೆ ಬೇಡ, ಒತ್ತಿ. ನಿಮ್ಮ ವೃಂದದಲ್ಲಿ ಟೆನರ್ ಹಾಡುವವರು ಇಬ್ಬರೇ, ಅದರಲ್ಲಿ ಒಬ್ಬರಿಗೆ ರಾತ್ರಿ ಪಾಳಿಯ ಕೆಲಸ ಎಂದಾದರೆ, ನಾಲ್ಕು ಧ್ವನಿಯ ಹಾಳೆ ಅಷ್ಟೂ ಭಾರವನ್ನು ಉಳಿದೊಬ್ಬರ ಹೆಗಲಿಗೇರಿಸುತ್ತದೆ. ಎರಡು ಧ್ವನಿಗಳಿಗೆ ಬರೆದದ್ದು, ಅಥವಾ ಹೆಂಗಸರಿಗೆ ಎರಡು, ಗಂಡಸರೆಲ್ಲರಿಗೂ ಸೇರಿ ಒಂದು ಎಂದು ಮೂರು ಧ್ವನಿಗಳಿಗೆ ಬರೆದದ್ದು ಸಿಗುತ್ತದೆ. ಒಂದೇ ಧ್ವನಿಯಲ್ಲಿ ಎಲ್ಲರೂ ಕೂಡಿ ಹಾಡುವುದು ಬಡತನವೇನಲ್ಲ. ಶತಮಾನಗಳ ಕಾಲ ಮಠಗಳಲ್ಲಿ ಹಾಡಿದ ಗ್ರೆಗೋರಿಯನ್ ಗಾನ ಒಂದೇ ಧ್ವನಿಯದು.

ಸರಳವಾದದ್ದು ಕೀಳು ಎಂದು ಇನ್ನೂ ಅನ್ನಿಸುತ್ತಿದ್ದರೆ ಮೊಜಾರ್ಟರ "ಆವೆ ವೆರುಮ್ ಕೊರ್ಪುಸ್" ನೆನೆಯಿರಿ. ೧೭೯೧ರ ಜೂನ್ ತಿಂಗಳು. ವಿಯೆನ್ನಾ ಹತ್ತಿರದ ಬಾದೆನ್ ಎಂಬ ಪುಟ್ಟ ಪಟ್ಟಣದ ಚರ್ಚಿನಲ್ಲಿ ಗಾನವೃಂದ ನಡೆಸುತ್ತಿದ್ದವರು ಆಂಟೋನ್ ಸ್ಟೋಲ್ ಎಂಬ ಶಾಲಾ ಮಾಸ್ತರರು. ಆ ಸ್ನೇಹಿತರಿಗಾಗಿ ಮೊಜಾರ್ಟರು ಪರಮಪ್ರಸಾದದ ಗೀತೆಯೊಂದನ್ನು ಬರೆದುಕೊಟ್ಟರು. ಕೇವಲ ೪೬ ಬಾರ್‌ಗಳು, ಮೂರು ನಾಲ್ಕು ನಿಮಿಷದ ಹಾಡು. ಅಬ್ಬರವಿಲ್ಲ, ಮೆಲುದನಿಯಲ್ಲಿ ಹಾಡಿರೆಂಬ ಸೂಚನೆ ಮೊದಲಿಗೇ ಇದೆ. ಯೂರೋಪಿನ ಅರಮನೆಗಳು ಬಲ್ಲ ಸಂಗೀತಗಾರ ಊರ ಮಾಸ್ತರರ ವೃಂದಕ್ಕೆ ಎಷ್ಟು ಸಾಧ್ಯವೋ ಅಷ್ಟನ್ನೇ ಬರೆದರು. ಅದೇ ವರ್ಷದ ಡಿಸೆಂಬರ್ ೫ರಂದು ತೀರಿಕೊಂಡರು. ಇಂದಿಗೂ ದೊಡ್ಡ ದೊಡ್ಡ ವೃಂದಗಳು ಆ ಪುಟ್ಟ ಹಾಡನ್ನು ಬಿಟ್ಟಿಲ್ಲ. ನಾವೆಲ್ಲ ಕ್ರಿಸ್ತಜಯಂತಿಯ ರಾತ್ರಿ ಹಾಡುವ "ಸೈಲೆಂಟ್ ನೈಟ್" ಧಾಟಿಯ ಹುಟ್ಟೂ ಅಷ್ಟೇ ಸರಳ. ೧೮೧೮ರ ಡಿಸೆಂಬರ್ ೨೪, ಆಸ್ಟ್ರಿಯಾದ ಓಬರ್ನ್‌ಡಾರ್ಫ್. ಸಾಹಿತ್ಯ ಸಹಾಯಕ ಗುರು ಯೋಸೆಫ್ ಮೋರ್ ಅವರದು, ಧಾಟಿ ಪಕ್ಕದ ಊರಿನ ಶಿಕ್ಷಕ ಫ್ರಾಂಜ್ ಗ್ರೂಬರ್ ಅವರದು. ಎರಡು ಕಂಠ, ಒಂದು ಗಿಟಾರ್. (ಇಲಿಗಳು ಆರ್ಗನ್ ಕಡಿದು ಹಾಕಿದ್ದವೆಂಬುದು ಆಮೇಲೆ ಹುಟ್ಟಿಕೊಂಡ ಕಥೆ.)

ಮನೆಯಲ್ಲಿ ವಾದ್ಯ ಕಲಿಯುವ ಮಕ್ಕಳಿರುವ ತಂದೆತಾಯಿಯರೇ, ಈಗ ನಿಮ್ಮೊಡನೆ ಮಾತು. ಕೀಬೋರ್ಡ್ ತರಗತಿಗೆ ಸೇರಿ ಆರು ತಿಂಗಳಾಗಿಲ್ಲ, ನೆಂಟರ ಮುಂದೆ ದೊಡ್ಡ ಹಾಡನ್ನೇ ಬಾರಿಸಬೇಕೆಂಬ ಆಸೆ ನಮಗೆ. ಬಾಖ್ ಎಂಬ ಮಹಾ ಸಂಗೀತಗಾರ ಲೂಥೆರನ್ ಸಭೆಯವರು, ಆದರೆ ಅಪ್ಪನಾಗಿ ನಮಗೆಲ್ಲ ಮಾದರಿ. ಹಿರಿಯ ಮಗ ಫ್ರೀಡೆಮನ್‌ಗೆ ಒಂಬತ್ತು ವರ್ಷ ತುಂಬಿದಾಗ, ೧೭೨೦ರಲ್ಲಿ, ಅವನಿಗೆಂದೇ ಒಂದು ಪುಸ್ತಕ ಹೊಲಿಸಿ ಬರೆಯತೊಡಗಿದರು. ಮೊದಲ ಪುಟಗಳಲ್ಲಿ ಸ್ವರಗಳ ಗುರುತು. ಆಮೇಲೆ ಯಾವ ಸ್ವರಕ್ಕೆ ಯಾವ ಬೆರಳು ಎಂದು ಅಂಕಿ ಹಾಕಿದ ಪುಟ್ಟ ಪಾಠ. ಕಷ್ಟದ್ದೆಲ್ಲ ಅದರ ನಂತರ. ನಿಮ್ಮ ಮಗುವಿನ ಹಾಳೆಯಲ್ಲಿ ಹೊಸ ತೊಡಕು ಒಂದೇ ಇರಲಿ: ಹೊಸ ಲಯವಾದರೆ ಸ್ವರಗಳು ಹಳೆಯವು, ಸ್ವರಗಳು ಹೊಸವಾದರೆ ಲಯ ಹಳೆಯದು. ವಯೊಲಿನ್ ಮಕ್ಕಳಿಗೆ ಡಿ ಮತ್ತು ಎ ಶ್ರುತಿಯ ಹಾಡುಗಳು ಸಲೀಸು, ಬಿಟ್ಟ ತಂತಿಗಳೇ ನೆರವಾಗುತ್ತವೆ. ಹಬ್ಬದ ಮೆರವಣಿಗೆಯ ಬ್ಯಾಂಡಿನ ಹುಡುಗನನ್ನು ಪೂಜೆಗೂ ಕರೆದಿರೋ, ಕೀಬೋರ್ಡಿನ ಹಾಳೆಯನ್ನೇ ಅವನಿಗೆ ಕೊಡಬೇಡಿ. ಸಾಮಾನ್ಯವಾಗಿ ಸಿಗುವ ಬಿ ಫ್ಲಾಟ್ ಟ್ರಂಪೆಟ್‌ನಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಒಂದು ಪೂರ್ಣ ಸ್ವರ ಕೆಳಗೆ ಕೇಳಿಸುತ್ತದೆ. ಕೀಬೋರ್ಡಿನವರು ಸಿ ಶ್ರುತಿಯಲ್ಲಿದ್ದರೆ ಅವನ ಹಾಳೆ ಡಿ ಶ್ರುತಿಯಲ್ಲಿರಬೇಕು. ಗೊತ್ತಿಲ್ಲದೆ ಎಷ್ಟು ಮಕ್ಕಳು "ನಿನಗೆ ಕಿವಿಯೇ ಇಲ್ಲ" ಎಂಬ ಬೈಗುಳ ತಿಂದಿದ್ದಾರೋ!

ಬಲ್ಲವರೂ ಕಲಿಯುವವರೂ ಒಟ್ಟಿಗೆ ನುಡಿಸುವ ದಾರಿ ಫ್ರಾನ್ಸಿನ ತೇಝೆ ಸಮುದಾಯದ ಹಾಡುಗಳಲ್ಲಿದೆ. ಅಲ್ಲಿಗಾಗಿ ಝಾಕ್ ಬೆರ್ತಿಯೆ (೧೯೨೩–೧೯೯೪) ರಚಿಸಿದ ಗೀತೆಗಳಲ್ಲಿ ಜನರು ಒಂದೆರಡು ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಅದರ ಮೇಲೆ ಬಲ್ಲವನೊಬ್ಬ ಏಕಕಂಠದಲ್ಲಿ ಹಾಡುತ್ತಾನೆ. ಕೊಳಲು, ಗಿಟಾರ್, ಪಿಟೀಲುಗಳಿಗೂ ಅವರವರ ಯೋಗ್ಯತೆಗೆ ತಕ್ಕ ಪ್ರತ್ಯೇಕ ಭಾಗಗಳಿವೆ. ನಮ್ಮ ಭಜನೆ ಬಲ್ಲವರಿಗೆ ಇದು ಅಪರಿಚಿತವೇನಲ್ಲ.

ಅಸಲಿಗೆ ಈ ಸ್ವರಲಿಪಿಯ ಹಾಳೆ ಬೆಳೆದು ಬಂದದ್ದೇ ಕಲಿಯುವ ಮಕ್ಕಳಿಗಾಗಿ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆತ್ಸೊ ಪಟ್ಟಣದ ಪ್ರಧಾನಾಲಯದಲ್ಲಿ ಹುಡುಗರಿಗೆ ಹಾಡು ಕಲಿಸುತ್ತಿದ್ದ ಗ್ವಿದೊ ಎಂಬ ಬೆನೆದಿಕ್ತ ಸನ್ಯಾಸಿ, ಎಂದೂ ಕೇಳದ ಹಾಡನ್ನು ಮಗು ತಾನೇ ಓದಿ ಹಾಡುವಂತಾಗಲಿ ಎಂದು ಸ್ವರಗಳನ್ನು ಗೆರೆಗಳ ಮೇಲೂ ನಡುವೆಯೂ ಕೂರಿಸಿದ. ಸ್ನಾನಿಕ ಯೊವಾನ್ನರ ಸ್ತುತಿಗೀತೆಯ ಸಾಲುಗಳ ಮೊದಲಕ್ಷರಗಳಿಂದ ಉತ್, ರೆ, ಮಿ, ಫಾ, ಸೊಲ್, ಲಾ ಎಂದು ಹೆಸರನ್ನೂ ಇಟ್ಟ. ಗೆರೆ ಓದಲು ಬಾರದವರು ನಿಮ್ಮಲ್ಲಿದ್ದರೆ ಸ್ವರಗಳ ಮೇಲೆ ಪೆನ್ಸಿಲಿನಿಂದ ಸರಿಗಮ ಬರೆದುಕೊಡಿ. ಗ್ವಿದೊನ ಕೆಲಸವನ್ನೇ ನೀವು ಮುಂದುವರಿಸಿದಂತೆ.

ಜೆರಾಕ್ಸ್ ಬಗ್ಗೆ ಹೇಳದಿದ್ದರೆ ಪ್ರವಚನ ಅರ್ಧವಾದೀತು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಮು ನಿಜವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಟ್ಟಿದೆ. ಹಾಡಲು ಅಡ್ಡಿಯಿಲ್ಲ. ಆದರೆ ಒಬ್ಬರು ದುಡಿದು ಅಚ್ಚುಹಾಕಿಸಿದ ಪುಸ್ತಕ ಒಂದನ್ನು ಕೊಂಡು ಮೂವತ್ತು ಪ್ರತಿ ತೆಗೆಯುವುದಕ್ಕೆ ಆ ವಿನಾಯಿತಿ ಅನ್ವಯಿಸದು. ರಚನಕಾರರು ತೀರಿಕೊಂಡು ಅರವತ್ತು ವರ್ಷ ಕಳೆಯುವವರೆಗೆ ಹಕ್ಕು ಅವರ ಮನೆಯವರದು, ಇಲ್ಲವೇ ಅವರು ಒಪ್ಪಿಸಿದವರದು. ಮೊಜಾರ್ಟ್, ಗ್ರೂಬರ್ ಎಲ್ಲರ ಸೊತ್ತು, ಆದರೆ ಇಂದು ಜೀವಂತವಿರುವವರು ಮಾಡಿದ ಹೊಸ ಜೋಡಣೆ ಎಲ್ಲರ ಸೊತ್ತಲ್ಲ. ಏಳನೆಯ ಆಜ್ಞೆ ಗಾನವೃಂದದ ಅಟ್ಟದವರೆಗೂ ಹತ್ತುತ್ತದೆ. ಹಣವಿಲ್ಲದ ಧರ್ಮಕೇಂದ್ರ ಏನು ಮಾಡಬೇಕು? ೧೯೭೪ರಲ್ಲಿ ಪೋಪ್ ಆರನೆಯ ಪೌಲರು "ಜುಬಿಲಾತೆ ದೇಯೊ" ಎಂಬ ಪುಟ್ಟ ಪುಸ್ತಕವನ್ನು ಲೋಕದ ಧರ್ಮಾಧ್ಯಕ್ಷರೆಲ್ಲರಿಗೂ ಕಾಣಿಕೆಯಾಗಿ ಕಳುಹಿಸಿದರು. ಪೂಜೆಯ ಭಾಗಗಳು, ದೇವಮಾತೆಯ ಗೀತೆಗಳು, ಪರಮಪ್ರಸಾದದ ಆರಾಧನೆಯ ಗೀತೆ, ಎಲ್ಲವೂ ಸರಳ ಗ್ರೆಗೋರಿಯನ್ ಧಾಟಿಯಲ್ಲಿ. ಅದನ್ನು ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದೆಂದು ಆಗಲೇ ಅನುಮತಿ ಕೊಟ್ಟಿದ್ದರು.

ಪ್ರತಿ ಮಾಡುವಾಗ ಅಕ್ಷರ ದೊಡ್ಡದಿರಲಿ. ಎರಡನೆಯ ಚರಣವನ್ನು ಪುಟದ ಅಡಿಯಲ್ಲಿ ಮುದ್ದೆ ಮಾಡದೆ ಸ್ವರಗಳ ಕೆಳಗೇ ಬರೆಯಿಸಿ. ಹಾಡಿನ ನಡುವೆ ಪುಟ ತಿರುಗಿಸುವಂತೆ ಆಗದಿರಲಿ. ಮತ್ತೆ, ಅಭ್ಯಾಸಕ್ಕೆ ಬರುವಾಗ ಪ್ರತಿಯೊಬ್ಬರ ಬಳಿಯೂ ಒಂದು ಪೆನ್ಸಿಲ್.