ಹಳೆಯ ರಿವಾಲ್ವರು, ಹೊಸ ಪಾಲಿಷು



ಈ ಸಂಚಿಕೆಗೆ ಮಕ್ಕಳ ಕನ್ನಡ ಕಲಿಕೆಯ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೆವು. ಅಷ್ಟರಲ್ಲಿ ಮಿತ್ರರೊಬ್ಬರ ಫೋನು ಬಂದು ವಿಷಯವೇ ಬದಲಾಯಿತು.

ಮಿತ್ರರು ವಿರಾಜಪೇಟೆಯ ಕಡೆಯವರು. ಇದೇ ಡೌನರ್ಸ್ ಗ್ರೋವ್‌ನಲ್ಲಿ ನಮ್ಮಿಂದ ನಾಲ್ಕು ಬೀದಿ ಆಚೆಗೆ ಮನೆ. ಅವರ ಅಜ್ಜ ಬ್ರಿಟಿಷರ ಕಾಲದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ನಡುಮನೆಯ ಗೋಡೆಯ ಮೇಲಿರುವ ಫೋಟೋದಲ್ಲಿ ಅಜ್ಜನ ಸೊಂಟಕ್ಕೊಂದು ವೆಬ್ಲಿ ರಿವಾಲ್ವರ್. ಅದೇ ಮಾದರಿಯದು ಇಲ್ಲಿನ ಅಂಗಡಿಯೊಂದರಲ್ಲಿ ಮಾರಾಟಕ್ಕಿತ್ತಂತೆ. ಇಲಿನಾಯ್ ರಾಜ್ಯದ ಫಾಯಿಡ್ ಕಾರ್ಡು ತೋರಿಸಿ, ಕಾನೂನು ಹೇಳುವ 72 ಗಂಟೆ ಕಾದು, ಮನೆಗೆ ತಂದಿದ್ದರು. "ಬಂದು ನೋಡಿ. ಇದಕ್ಕೆ ಪಾಲಿಷ್ ಮಾಡಿಸಿ ನಮ್ಮ ಮನೆತನದ ಹೆಸರು ಕೆತ್ತಿಸಬೇಕೆಂದಿದ್ದೇನೆ. ಸರಿಯೋ ತಪ್ಪೋ ನೀವೇ ಹೇಳಿ" ಎಂದರು.

ಈರುಳ್ಳಿ ಹೆಚ್ಚುವ ಚಾಕುವಿಗಿಂತ ದೊಡ್ಡ ಆಯುಧ ನಮ್ಮ ಮನೆಯಲ್ಲಿಲ್ಲ. ಆದರೂ ಹೋದೆವು. ಕಾಫಿಯೂ ಸಿಕ್ಕಿತು, ತಲೆನೋವೂ ಸಿಕ್ಕಿತು.

ವೆಬ್ಲಿ ಎಂಬುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಂಪನಿ. ಅದರ ರಿವಾಲ್ವರನ್ನು ಬ್ರಿಟಿಷ್ ಸೈನ್ಯ ಮೊದಲು ಒಪ್ಪಿಕೊಂಡದ್ದು 1887ರಲ್ಲಿ. ಮಿತ್ರರದು ಆರನೆಯ ಮಾದರಿ, 1915ರಲ್ಲಿ ಮೊದಲ ಮಹಾಯುದ್ಧದ ನಡುವೆ ಬಳಕೆಗೆ ಬಂದದ್ದು. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ 1898ರೊಳಗೆ ತಯಾರಾದದ್ದು ಮಾತ್ರ ಪುರಾತನ ವಸ್ತು. ಇದು ಎಷ್ಟೇ ಮುದಿಯಾಗಿ ಕಂಡರೂ ಆಯುಧವೇ.

ಅದರ ಮೈಯ ನೀಲಿಗಪ್ಪು ಬಣ್ಣ ಅಲ್ಲಲ್ಲಿ ಮಾಸಿ ಕಂದಾಗಿತ್ತು, ಹಿಡಿಯಲ್ಲಿ ಗೀರುಗಳಿದ್ದವು. ಸರ್ಕಾರದ ಸ್ವತ್ತೆಂದು ಒತ್ತಿದ ಬಾಣದ ಗುರುತು ಮಾತ್ರ ಸ್ಪಷ್ಟವಾಗಿತ್ತು. ಬಣ್ಣ ಹೊಸದಾಗಿ ಕೊಡಬೇಕಾದರೆ ಮೊದಲು ಉಕ್ಕನ್ನು ಚಕ್ರಕ್ಕೆ ಹಿಡಿದು ಉಜ್ಜಬೇಕು. ಆಗ ಮೂಲೆಗಳು ದುಂಡಗಾಗುತ್ತವೆ, ಒತ್ತಿದ ಅಕ್ಷರಗಳು ತೆಳುವಾಗುತ್ತವೆ. ಹಾಗೆ ಹೊಳೆಯುವ ರಿವಾಲ್ವರಿಗಿಂತ ಮಾಸಿದ್ದಕ್ಕೇ ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದಕ್ಕೆ ಕಾರಣ ಇದೇ. ನಮ್ಮೂರ ದೇವಸ್ಥಾನಗಳಲ್ಲಿ ವರ್ಷವರ್ಷವೂ ಭಕ್ತಿಯಿಂದಲೇ ಸುಣ್ಣ ಬಳಿದು ಶಾಸನದ ಅಕ್ಷರ ಮುಚ್ಚಿಬಿಟ್ಟದ್ದನ್ನು ನಾವು ನೀವೆಲ್ಲ ಕಂಡಿದ್ದೇವೆ. ಇದೂ ಅದೇ ಕಥೆ.

2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಟಿಪ್ಪುವಿನ ಕಾಲದ ಶಸ್ತ್ರಗಳು ಹರಾಜಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಂದ ಸಾಗಿಸಿದ ಸಾಮಾನು ಅವು. ಮನೆಯೊಂದರ ಅಟ್ಟದಲ್ಲಿ ಬಿದ್ದಿದ್ದುವಂತೆ. ಅದರಲ್ಲೊಂದು ಬೆಳ್ಳಿ ಕಟ್ಟಿನ ಬಂದೂಕಕ್ಕೆ ಯುದ್ಧದಲ್ಲಿ ಪೆಟ್ಟು ಬಿದ್ದ ಗುರುತುಗಳಿದ್ದವು. ಯಾರೋ ಪುಣ್ಯಾತ್ಮರು ಅದನ್ನು ಚೆಂದ ಮಾಡಿಸಿದ್ದರೆ ಆ ಪೆಟ್ಟಿನ ಸಾಕ್ಷಿಯೇ ಇರುತ್ತಿರಲಿಲ್ಲ.

ನಾವು ಇಷ್ಟು ಹೇಳುವಷ್ಟರಲ್ಲಿ ಮಿತ್ರರು ತಡೆದರು. "ನಮ್ಮ ಕೊಡಗಿನಲ್ಲಿ ಹಾಗಿಲ್ಲವಲ್ಲ! ಕೈಲ್‌ಪೊಳ್ದ್ ಬಂದರೆ ತೋಕನ್ನು ತೊಳೆದು, ಒರೆಸಿ, ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತೇವೆ. ಹಿಡಿ ಮುರಿದರೆ ಹೊಸ ಹಿಡಿ ಹಾಕಿಸುತ್ತೇವೆ. ಅದು ತಪ್ಪೇ?"

ಪ್ರಶ್ನೆ ಸುಲಭದ್ದಲ್ಲ. ನಾಟಿಯ ಕಾಲದಲ್ಲಿ ಆಯುಧ ಬದಿಗಿಟ್ಟು, ಗದ್ದೆ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದ ಆ ಹಬ್ಬದಂದು ಮತ್ತೆ ಕೈಗೆತ್ತಿಕೊಳ್ಳುವುದು ಅಲ್ಲಿನ ಸಂಪ್ರದಾಯ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಭಾರತ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಕೊಟ್ಟಿರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಅಲ್ಲಿ ಕೋವಿಗೆ ಇನ್ನೂ ಕೆಲಸವಿದೆ. ಕೆಲಸ ಮಾಡುವ ವಸ್ತುವನ್ನು ರಿಪೇರಿ ಮಾಡುವುದು ಧರ್ಮವೇ. ನೇಗಿಲಿನ ಗುಳ ಸವೆದರೆ ಬದಲಿಸುವುದಿಲ್ಲವೇ?

ಆದರೆ ಡೌನರ್ಸ್ ಗ್ರೋವ್‌ನ ಈ ವೆಬ್ಲಿಗೆ ಯಾವ ಕೆಲಸವಿದೆ? ಹಂದಿ ಓಡಿಸಬೇಕೆ, ಗುಂಡು ಹಾರಿಸಿ ಊರಿಗೆ ಸುದ್ದಿ ಮುಟ್ಟಿಸಬೇಕೆ? ಇಲ್ಲ. ಅದಕ್ಕೆ ಉಳಿದಿರುವುದು ನೆನಪಿನ ಕೆಲಸವೊಂದೇ. ಮೇಲಾಗಿ ಅದು ಅಜ್ಜನದಲ್ಲ, ಅಜ್ಜನದರಂಥದು. ಯಾರ ಕೈಯಲ್ಲಿತ್ತೋ, ಯಾರ ಮೇಲೆ ಹಾರಿತೋ ನಮಗೆ ತಿಳಿಯದು. ಪಾಲಿಷ್ ಮಾಡಿದರೆ ಅದು ಏನೂ ಅರಿಯದ ಹಸುಗೂಸಿನಂತೆ ಕಾಣುತ್ತದೆ. ನಮ್ಮ ಹೆಸರು ಕೆತ್ತಿಸಿದರೆ ಮುಂದಿನ ತಲೆಮಾರಿಗೆ ಉಕ್ಕಿನಲ್ಲೇ ಸುಳ್ಳು ಬರೆದಿಟ್ಟಂತೆ. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆತ್ತಿಸುವುದಿಲ್ಲ ಬಿಡಿ" ಎಂದರು.

ಹಾಗಾದರೆ 'ಮೂಲಸ್ಥಿತಿ' ಎಂದರೆ ಯಾವುದು? ನಮ್ಮ ಊರಿನಲ್ಲಿ ಸಿಯರ್ಸ್ ಮನೆಗಳು ಬಹಳ. 1908ರಿಂದ 1940ರವರೆಗೆ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದರೆ ಮನೆಯ ಮರಮುಟ್ಟೆಲ್ಲ ರೈಲಿನಲ್ಲಿ ಬರುತ್ತಿತ್ತು. ಆ ಮನೆಗಳಿಗೆ ಜನ ಆಮೇಲೆ ಹೊಸ ಕಿಟಕಿ ಹಾಕಿಸಿದರು, ಹಿಂದೆ ಕೋಣೆ ಕಟ್ಟಿಸಿದರು. ಅದೆಲ್ಲವನ್ನೂ ಕಿತ್ತು ಕ್ಯಾಟಲಾಗಿನ ಚಿತ್ರಕ್ಕೆ ಮರಳಿಸಿದರೆ ಅದು ಮೂಲವೋ, ಅಲ್ಲಿ ಬಾಳಿದವರಿಗೆ ಮಾಡಿದ ಅನ್ಯಾಯವೋ? ವೆಬ್ಲಿಯದೂ ಹಾಗೆಯೇ. ಎರಡನೆಯ ಮಹಾಯುದ್ಧದ ನಂತರ ಇಲ್ಲಿಗೆ ಬಂದ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು, ಸುಲಭವಾಗಿ ಸಿಗುವ ಅಮೆರಿಕನ್ ಗುಂಡು ಹಿಡಿಯಲೆಂದು ಅರೆದುಬಿಟ್ಟರು. ಮಿತ್ರರದೂ ಅಂಥದ್ದೇ. ಆ ಅಮೆರಿಕನ್ ಗುಂಡಿನ ಒತ್ತಡ ವೆಬ್ಲಿ ತಾಳುವುದಕ್ಕಿಂತ ಹೆಚ್ಚು, ಹಾರಿಸುವವನ ಕೈಗೇ ಅಪಾಯ. ಆದರೂ ಆ ಗಾಯವೂ ಈಗ ಅದರ ಚರಿತ್ರೆಯ ಭಾಗ. ಮೂಲಸ್ಥಿತಿ ಎಂದರೆ ಕಾರ್ಖಾನೆಯಿಂದ ಹೊರಬಿದ್ದ ದಿನವಲ್ಲ, ನಮ್ಮ ಕೈಗೆ ಬಂದ ದಿನ ಎಂದು ನಮಗೆ ತೋರುತ್ತದೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡೆವು. ಆಗ ಅಡಿಗೆಮನೆಯಿಂದ ಮಿತ್ರರ ಶ್ರೀಮತಿ ಹೊರಬಂದರು. "ಅಕ್ಕಾ, ನೀವೆಲ್ಲ ಅದರ ಗೀರಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಮಗನಿಗೆ ಒಂಬತ್ತು ವರ್ಷ. ನಳಿಗೆಗೆ ವೆಲ್ಡಿಂಗ್ ಮಾಡಿಸಿ ಮುಚ್ಚಿಬಿಡಿ ಅಂತ ಹೇಳಿ ಇವರಿಗೆ."

ನಮ್ಮ ಅಷ್ಟೂ ತತ್ವಜ್ಞಾನ ಅಲ್ಲಿಗೆ ನಿಂತಿತು. 2022ರ ಜುಲೈ ನಾಲ್ಕರಂದು ಇದೇ ಶಿಕಾಗೋ ಬಳಿಯ ಹೈಲ್ಯಾಂಡ್ ಪಾರ್ಕಿನಲ್ಲಿ ಮೆರವಣಿಗೆ ನೋಡಲು ಬಂದವರ ಮೇಲೆ ಗುಂಡು ಹಾರಿ ಏಳು ಜನ ಸತ್ತರು. ಅದಕ್ಕೂ ಮಿತ್ರರ ಮುದಿ ವೆಬ್ಲಿಗೂ ಸಂಬಂಧವಿಲ್ಲ, ನಿಜ. ಆದರೆ ತಾಯಿಯ ಭಯಕ್ಕೆ ಮಾದರಿ, ಇಸವಿಗಳ ಭೇದವಿಲ್ಲ. ಆ ಭಯ ತಪ್ಪೂ ಅಲ್ಲ.

ವೆಲ್ಡಿಂಗ್ ಮಾಡಿದರೆ ಮಗು ಕ್ಷೇಮ, ಆದರೆ ಮಾಡಿದ್ದನ್ನು ಮತ್ತೆ ಬಿಡಿಸಲಾಗದು. ಏನೂ ಮಾಡದಿದ್ದರೆ ವಸ್ತು ಕ್ಷೇಮ, ಮನೆಗೆ ನಿದ್ದೆಯಿಲ್ಲ. ಎರಡೇ ದಾರಿ ಇದ್ದರೆ ನಾವು ಒಂದು ಕ್ಷಣವೂ ಯೋಚಿಸದೆ ವೆಲ್ಡಿಂಗ್ ಎನ್ನುತ್ತಿದ್ದೆವು. ಹಳೆಯ ವಸ್ತುವಿಗೆ ನಾವು ತೋರಿಸಬೇಕಾದ ಗೌರವ ಬದುಕಿರುವವರಿಗೆ ತೋರಿಸಬೇಕಾದ ಎಚ್ಚರಕ್ಕಿಂತ ದೊಡ್ಡದಲ್ಲ. ಆದರೆ ಮೂರನೆಯ ದಾರಿಯೊಂದಿತ್ತು. ಮ್ಯೂಸಿಯಂನವರು ಪಾಲಿಸುವ ನಿಯಮ ಅದು: ಏನು ಮಾಡಿದರೂ ನಾಳೆ ಅದನ್ನು ಹಿಂತೆಗೆಯುವಂತಿರಬೇಕು.

ಮಿತ್ರರು ಕಸುಬುದಾರನೊಬ್ಬನಿಂದ ಗುಂಡಿಗೆ ಬಡಿಯುವ ಹ್ಯಾಮರನ್ನು ಬಿಚ್ಚಿಸಿ ಬ್ಯಾಂಕಿನ ಲಾಕರಿನಲ್ಲಿಟ್ಟರು. ರಿವಾಲ್ವರಿಗೆ ತೆಳುವಾಗಿ ಎಣ್ಣೆ ಸವರಿ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಬೀಗದ ಕೈ ಶ್ರೀಮತಿಯವರ ಬಳಿ. ಗುಂಡು ಮನೆಗೆ ಬರುವಂತೆಯೇ ಇಲ್ಲ. ಪೆಟ್ಟಿಗೆಯೊಳಗೆ ಒಂದು ಹಾಳೆಯೂ ಇದೆ: ಇದು ಅಜ್ಜನದಲ್ಲ, ಇಂಥ ವರ್ಷ ಇಂಥ ಕಡೆ ಕೊಂಡದ್ದು, ಸಿಲಿಂಡರು ಅರೆದದ್ದು ನಾವಲ್ಲ, ಹ್ಯಾಮರು ತೆಗೆಸಿದ್ದು ನಾವು, ಏಕೆಂದರೆ ಮನೆಯಲ್ಲಿ ಮಗುವಿತ್ತು. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಬರೆದಿದ್ದಾರೆ. ಮಗ ದೊಡ್ಡವನಾಗಿ ಯಾವುದನ್ನು ಓದುತ್ತಾನೋ ಎಂಬ ಚಿಂತೆ ಬೇರೆ. ಹಾಗೆ ನೋಡಿದರೆ ನಾವು ಮೊದಲು ಬರೆಯಹೊರಟ ವಿಷಯಕ್ಕೇ ಬಂದು ನಿಂತೆವು.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜಿಯ ಹಿತ್ತಾಳೆ ಚೆಂಬೋ, ಮುತ್ತಜ್ಜನ ಕತ್ತಿಯೋ ಇರಬಹುದು. ಉಜ್ಜುವ ಮೊದಲು ಒಮ್ಮೆ ಯೋಚಿಸಿ. ಭಿನ್ನಾಭಿಪ್ರಾಯವಿದ್ದವರು ಮುಂದಿನ ಸಂಚಿಕೆಗೆ ಬರೆಯಿರಿ, ಖಂಡಿತ ಅಚ್ಚು ಹಾಕೋಣ.